ಜೋಕಾಲಿ ಇರಲೋ, ತೆಗೆಸಲೋ? ಮೊದಲು ಅಂಗಳ ಅಳೆಯಿರಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯೊಂದರಲ್ಲಿ ಶಿಶುಪಾಲನಾ ಕೇಂದ್ರ ನಡೆಸುತ್ತಿದ್ದೇನೆ. ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ 26 ಮಕ್ಕಳಿದ್ದಾರೆ. ಮನೆ ಮುಂದಿನ ಅಂಗಳ 28 ಅಡಿ ಉದ್ದ, 22 ಅಡಿ ಅಗಲ, ಪೂರ್ತಿ ಕಾಂಕ್ರೀಟ್. ಬಾಗಿಲು ಮತ್ತು ಗೇಟು ಎರಡೂ ಅಂಗಳದ ಎಡತುದಿಯಲ್ಲಿ ಎದುರುಬದುರಾಗಿವೆ. ವೆಲ್ಡಿಂಗ್ ಅಂಗಡಿಯವರಿಂದ ಜೋಕಾಲಿ ಮಾಡಿಸಿ ಅಂಗಳದ ನಡುವೆ ನಿಲ್ಲಿಸಿದ್ದೇವೆ. ಎಂಟು ಅಡಿ ಎತ್ತರದಲ್ಲಿ ಹತ್ತು ಅಡಿಯ ಅಡ್ಡ ಪೈಪು, ಅದಕ್ಕೆ ಎರಡು ಸಾಗವಾನಿ ಹಲಗೆ, ನಡುವೆ ಚಿಕ್ಕವರಿಗೆಂದು, ಸುತ್ತ ಅಂಚಿದ್ದು ಕಾಲು ತೂರಿಸಿ ಕೂರುವ ಒಂದು ಬಕೆಟ್ ಸೀಟು. ಕೆಳಗೆ ಮೂರು ಇಂಚು ಎಂ-ಸ್ಯಾಂಡ್ ಹರಡಿದ್ದೇವೆ. ಕಳೆದ ವಾರ ಸಂಜೆ ಅಮ್ಮನ ಸ್ಕೂಟರ್ ಸದ್ದು ಕೇಳಿ ಗೇಟಿಗೆ ಓಡಿದ ಮೂರು ವರ್ಷದ ಹುಡುಗನ ಹಣೆಗೆ ಹಲಗೆ ಬಡಿದು ನಾಲ್ಕು ಹೊಲಿಗೆ ಹಾಕಿಸಬೇಕಾಯಿತು. ಕೆಲವು ಪಾಲಕರು ಜೋಕಾಲಿ ಕಿತ್ತುಹಾಕಿ ಅನ್ನುತ್ತಾರೆ. "ನಾವೆಲ್ಲ ಪಂಚಮಿಗೆ ಗಿಡಕ್ಕೆ ಹಗ್ಗ ಕಟ್ಟಿ ಜೀಕಿದವರೇ, ಏನಾಯಿತು?" ಅನ್ನುವವರೂ ಇದ್ದಾರೆ. ರಬ್ಬರ್ ಟೈಲ್ಸ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಒಬ್ಬ ಡೀಲರ್ ಹೇಳುತ್ತಿದ್ದಾರೆ. ಶ್ರಾವಣ ಹತ್ತಿರ ಬಂತು. ಏನು ಮಾಡಲಿ?

ಉತ್ತರ: ಮೊದಲು ಇವತ್ತೇ ಮಾಡಬೇಕಾದ ಕೆಲಸ ಹೇಳುತ್ತೇನೆ. ಹಲಗೆ, ಬಕೆಟ್ ಸೀಟು ಮಾತ್ರವಲ್ಲ, ಚೈನುಗಳನ್ನೂ ಮೇಲಿನ ಕೊಂಡಿಯಿಂದಲೇ ಬಿಚ್ಚಿ ಒಳಗಿಡಿ. ಸೀಟು ತೆಗೆದು ಚೈನನ್ನು ಮೇಲಕ್ಕೆ ಸುತ್ತಿ ಬಿಟ್ಟರೆ ಅದು ಕುಣಿಕೆಯಾಗಿ ನೇತಾಡುತ್ತದೆ. ಕುತೂಹಲದ ಮಗು ಅದರಲ್ಲಿ ತಲೆ ತೂರಿಸಿದರೆ ಹೊಲಿಗೆಗಿಂತ ದೊಡ್ಡ ಅನಾಹುತ. ಖಾಲಿ ಚೌಕಟ್ಟು ಸದ್ಯಕ್ಕೆ ಹಾಗೇ ನಿಂತಿರಲಿ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅಪಾಯಗಳು ಒಂದರೊಳಗೊಂದು ಕಲಸಿಹೋಗಿವೆ. ಒಂದು, ಜೋಕಾಲಿಯಿಂದ ಬೀಳುವುದು. ಇನ್ನೊಂದು, ಜೋಕಾಲಿಯೇ ಬಂದು ಬಡಿಯುವುದು. ಬೀಳುವ ಮಗುವಿಗೆ ನೆಲ ಮುಖ್ಯ, ಬಡಿಸಿಕೊಳ್ಳುವ ಮಗುವಿಗೆ ಜಾಗ ಮತ್ತು ಸೀಟು ಮುಖ್ಯ. ನಿಮ್ಮಲ್ಲಿ ಪೆಟ್ಟಾದ ಹುಡುಗ ಜೋಕಾಲಿ ಮೇಲೆ ಕೂತಿರಲೇ ಇಲ್ಲ. ಅವನ ಕಾಲಡಿ ಜಗತ್ತಿನ ಅತ್ಯುತ್ತಮ ರಬ್ಬರ್ ಟೈಲ್ಸ್ ಇದ್ದಿದ್ದರೂ ಆ ನಾಲ್ಕು ಹೊಲಿಗೆ ತಪ್ಪುತ್ತಿರಲಿಲ್ಲ. ಡೀಲರ್ ಹೇಳುವ ಪರಿಹಾರ ಬೇರೆ ಪ್ರಶ್ನೆಗೆ ಉತ್ತರ. ಆ ಪ್ರಶ್ನೆಯೂ ನಿಮ್ಮ ಅಂಗಳದಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಕೊಡುವ ಅಳತೆಗಳು ಹೆಚ್ಚಾಗಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಆಟದ ಮೈದಾನದ ಕೈಪಿಡಿಯವು, ಒಂದೆರಡು ಯುರೋಪಿನ ಇಎನ್ 1176 ಮಾನಕದವು. ನಮ್ಮಲ್ಲಿ ಆಟದ ಸಾಮಾನು ತಯಾರಿಸುವ ಕಂಪನಿಗಳ ಕ್ಯಾಟಲಾಗಿನಲ್ಲಿ ಈ ಹೆಸರುಗಳು ಕಾಣಸಿಗುತ್ತವೆ. ಹೆಸರು ಅಚ್ಚಾಗಿದ್ದರೆ ಸಾಲದು, ಆ ಮಾಡೆಲ್ಲಿನ ಪರೀಕ್ಷಾ ವರದಿಯನ್ನೇ ಕೇಳಿ ನೋಡಿ.

ಬಡಿಯುವ ವಿಷಯಕ್ಕೆ ಬರೋಣ. ಎಂಟು ಅಡಿ ಮೇಲಿನ ಪೈಪಿನಿಂದ ನೇತಾಡುವ ಹಲಗೆಗೆ ಸುಮಾರು ಆರೂಮುಕ್ಕಾಲು ಅಡಿ ಚೈನು ಇರುತ್ತದೆ. ದೊಡ್ಡವರು ತಳ್ಳಿ ಅದು 60 ಡಿಗ್ರಿವರೆಗೆ ಏರಿದರೆ, ಕೆಳಗೆ ಹಾಯುವ ಹೊತ್ತಿಗೆ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗ ಬಂದಿರುತ್ತದೆ. ಹಿಂದಕ್ಕೋ ಮುಂದಕ್ಕೋ ಏರುವಾಗ ಹಲಗೆಯ ಅಂಚು ನೆಲದಿಂದ ಮೂರು ಅಡಿ ಎತ್ತರ ದಾಟುತ್ತದೆ. ಮೂರು ವರ್ಷದ ಮಗುವಿನ ಹಣೆ, ಕಣ್ಣು, ಮೂಗು ಇರುವುದು ಅದೇ ಮಟ್ಟದಲ್ಲಿ. ಮರದ ಹಲಗೆಗೆ ಬಾಗುವ ಗುಣ ಇಲ್ಲ, ಮೂಲೆ ಇದೆ, ತೂಕ ಇದೆ. ಹಲಗೆ ದಪ್ಪಗಿದ್ದರೆ ಭದ್ರ ಎನ್ನುವುದು ಕೂತವರ ಲೆಕ್ಕ. ಎದುರು ಬಂದವರಿಗೆ ಅದೇ ದಪ್ಪ ಶಾಪ. ಇದೇ ಕಾರಣಕ್ಕೆ ಮಕ್ಕಳ ಕೇಂದ್ರಗಳಲ್ಲಿ ಮರದ, ಲೋಹದ ಸೀಟು ಬೇಡವೆನ್ನುತ್ತಾರೆ. ರಬ್ಬರ್ ಅಥವಾ ಮೆತ್ತನೆಯ ಪ್ಲಾಸ್ಟಿಕ್ ಸೀಟೇ ಇರಬೇಕು. ಆನೆ, ಕುದುರೆ ಆಕಾರದ ಭಾರದ ಫೈಬರ್ ಸೀಟುಗಳೂ ಬೇಡ. ಫೋಟೋಗೆ ಚಂದ, ಹಣೆಗೆ ಅಲ್ಲ.

ಮಕ್ಕಳಿಗೆ "ಹತ್ತಿರ ಹೋಗಬೇಡ" ಎಂದು ಎಷ್ಟು ಸಲ ಹೇಳಿದರೂ ಸಾಲದು. ಓಡುವಾಗ ಚಿಕ್ಕ ಮಗು ಹೋಗಬೇಕಾದ ಜಾಗವನ್ನಷ್ಟೇ ನೋಡುತ್ತದೆ. ಪಕ್ಕದಿಂದ ಬರುವುದರ ವೇಗ ಅಳೆಯುವ ಶಕ್ತಿ ಆ ವಯಸ್ಸಿಗೆ ಬಂದಿರುವುದಿಲ್ಲ. ಅಮ್ಮ ಬಂದಾಗಲಂತೂ ಕೇಳುವುದೇ ಬೇಡ. ಆಯಾ ಪಕ್ಕದಲ್ಲೇ ನಿಂತಿದ್ದರೂ ಒಂದು ಸೆಕೆಂಡಿನಲ್ಲಿ ಅವರಿಂದ ಏನೂ ಆಗದು. ಆದ್ದರಿಂದ ಓಡುವ ದಾರಿ ಮತ್ತು ಜೋಕಾಲಿಯ ದಾರಿ ಸೇರದಂತೆ ಅಂಗಳವನ್ನೇ ಜೋಡಿಸಬೇಕು.

ಎಷ್ಟು ಜಾಗ ಬಿಡಬೇಕು? ಸಾಮಾನ್ಯ ಜೋಕಾಲಿಗೆ, ಚೈನು ತೂಗುಹಾಕಿದ ಬಿಂದುವಿನಿಂದ ನೆಲದವರೆಗಿನ ಎತ್ತರದ ಎರಡರಷ್ಟು ಮುಂದಕ್ಕೆ, ಅಷ್ಟೇ ಹಿಂದಕ್ಕೆ. ಚೌಕಟ್ಟಿನ ಎರಡೂ ಪಕ್ಕಕ್ಕೆ ಆರಾರು ಅಡಿ. ಈ ಜಾಗದಲ್ಲಿ ಗೋಡೆ, ಕಂಬ, ಕುಂಡ, ಜಾರುಬಂಡೆ, ಓಡಾಡುವ ದಾರಿ ಯಾವುದೂ ಬರಕೂಡದು. ನಿಮ್ಮ ಪೈಪು ಎಂಟು ಅಡಿ. ಮುಂದೆ 16, ಹಿಂದೆ 16, ಒಟ್ಟು 32 ಅಡಿ. ಅಂಗಳ ಇರುವುದೇ 28. ಅಂದರೆ ಈ ಜೋಕಾಲಿ ಈಗಿರುವ ಎತ್ತರದಲ್ಲಿ ನಿಮ್ಮ ಅಂಗಳದ ಯಾವ ಮೂಲೆಯಲ್ಲೂ ಕೂರುವುದಿಲ್ಲ. ಬೇರೆಲ್ಲ ಚರ್ಚೆಗೆ ಮೊದಲು ಇದು ಗೊತ್ತಿರಲಿ.

ಬಕೆಟ್ ಸೀಟಿಗೆ ಲೆಕ್ಕ ಸ್ವಲ್ಪ ಬೇರೆ. ಅದರಲ್ಲಿ ಕೂತ ಮಗು ಹಾರಿ ಇಳಿಯುವ ಹಾಗಿಲ್ಲ. ಹಾಗಾಗಿ ತೂಗು ಬಿಂದುವಿನಿಂದ ಸೀಟಿನ ಕೂರುವ ಭಾಗದವರೆಗಿನ ಅಂತರದ ಎರಡರಷ್ಟು ಬಿಟ್ಟರೆ ಸಾಕು. ಬಕೆಟ್ ಸೀಟು ನೆಲದಿಂದ ಕನಿಷ್ಠ 24 ಇಂಚು ಮೇಲಿರಬೇಕು. ಅದರ ತೂಗು ಬಿಂದು 47 ಇಂಚಿಗಿಂತ ಮೇಲೆ, 95 ಇಂಚು ಮೀರದಂತೆ ಇರಬೇಕು. ಈಗ ಪೈಪನ್ನು ಆರು ಅಡಿಗೆ ಇಳಿಸಿ, ಸೀಟನ್ನು ಎರಡು ಅಡಿಯಲ್ಲಿಟ್ಟರೆ ನಡುವಿನ ಅಂತರ ನಾಲ್ಕು ಅಡಿ. ಮುಂದೆ ಎಂಟು, ಹಿಂದೆ ಎಂಟು, ಒಟ್ಟು 16 ಅಡಿ. ಅಂಗಳದ ಬಲತುದಿಯ ಗೋಡೆಯಿಂದ 16 ಅಡಿ ಅಳೆದು ಗೆರೆ ಎಳೆಯಿರಿ. ಬಾಗಿಲಿನಿಂದ ಗೇಟಿನವರೆಗಿನ ದಾರಿಗೆ ಎಡಗಡೆ 12 ಅಡಿ ಉಳಿಯುತ್ತದೆ. ಜಾಗದ ಸಮಸ್ಯೆ ಅಲ್ಲಿಗೆ ಮುಗಿಯಿತು.

ಅಗಲದಲ್ಲಿ ಮಾತ್ರ ಆಸೆ ಬಿಡಬೇಕು. ಸೀಟಿಗೂ ಪಕ್ಕದ ಕಂಬಕ್ಕೂ 30 ಇಂಚು, ಎರಡು ಸೀಟಿದ್ದರೆ ಅವುಗಳ ನಡುವೆ 24 ಇಂಚು, ಮೇಲೆ ಒಂದೇ ಸೀಟಿನ ಎರಡು ಚೈನುಗಳ ನಡುವೆ ಕನಿಷ್ಠ 20 ಇಂಚು ಬೇಕು. ಚೈನುಗಳು ಮೇಲೆ ಅಗಲವಾಗಿದ್ದರೆ ಸೀಟು ಅಕ್ಕಪಕ್ಕ ವಾಲುವುದು ಕಡಿಮೆ. ಒಂದು ಸೀಟಿಗೆ ಏಳು ಅಡಿ ಪೈಪು ಸಾಕು. ಎರಡೂ ಪಕ್ಕದ ಆರಾರು ಅಡಿ ಸೇರಿ 19 ಅಡಿ ಆಯಿತು, 22ರಲ್ಲಿ ಹಿಡಿಸುತ್ತದೆ. ಎರಡು ಸೀಟು ಹಾಕಿದರೆ 22 ಅಡಿ 4 ಇಂಚು. ನಾಲ್ಕೇ ಇಂಚು ತಾನೆ ಎಂದು ವೆಲ್ಡರ್ ಖಂಡಿತ ಹೇಳುತ್ತಾರೆ. ಬೇಡ. ಆ ನಾಲ್ಕಿಂಚನ್ನು ಸೀಟಿನ ಪಕ್ಕದಿಂದ ಕಿತ್ತುಕೊಂಡರೆ ಮೊಣಕೈ ಕಂಬಕ್ಕೆ ಬಡಿಯುತ್ತದೆ, ಗೋಡೆ ಕಡೆಯಿಂದ ಕಿತ್ತುಕೊಂಡರೆ ತಲೆ. ಮೂರು ಸೀಟಂತೂ ಎಷ್ಟೇ ಉದ್ದದ ಪೈಪಿಗೂ ಸಲ್ಲದು. ನಡುವಿನ ಸೀಟಿಗೆ ಮಗು ತಲುಪಬೇಕಾದರೆ ಆಡುತ್ತಿರುವ ಇನ್ನೊಂದು ಸೀಟನ್ನು ದಾಟಿಯೇ ಹೋಗಬೇಕಾಗುತ್ತದೆ. ಎರಡು ಕಂಬದ ನಡುವೆ ಎರಡೇ ಸೀಟು ಎಂಬ ನಿಯಮ ಬಂದದ್ದು ಇದಕ್ಕೇ. ಅದರ ಮೇಲೆ ನಿಮ್ಮಲ್ಲಿ ದೊಡ್ಡವರ ಹಲಗೆಯ ಜೊತೆಗೇ ಚಿಕ್ಕವರ ಬಕೆಟ್ ಇದೆ. ಅವೆರಡು ಯಾವತ್ತೂ ಒಂದೇ ಕಂಬಗಳ ನಡುವೆ ಇರಕೂಡದು.

ಹಾಗಾದರೆ ನಾಲ್ಕು ವರ್ಷ ದಾಟಿದವರಿಗೆ? ಬಕೆಟ್ ಸೀಟು ನಾಲ್ಕರೊಳಗಿನವರಿಗೆ. ದೊಡ್ಡ ಮಗು ತೂರಿಸಿಕೊಂಡು ಕೂತರೆ ತೊಡೆ ಸಿಕ್ಕಿಕೊಳ್ಳುತ್ತದೆ, ಬಿಡಿಸುವಾಗ ಸೀಟೇ ಮಗುಚುತ್ತದೆ. ಅವರಿಗೆ ಬೇಕಾದದ್ದು ರಬ್ಬರ್ ಬೆಲ್ಟ್ ಸೀಟು, ನೆಲದಿಂದ ಕನಿಷ್ಠ 12 ಇಂಚು ಮೇಲೆ. ಆದರೆ ಬೆಲ್ಟ್ ಸೀಟಿಗೆ ಅಳತೆ ನೆಲದವರೆಗೆ. ಆರು ಅಡಿ ಪೈಪಿಗೂ 24 ಅಡಿ ಬೇಕು. ಉಳಿಯುವ ನಾಲ್ಕಡಿಯಲ್ಲಿ ಗೇಟಿನ ದಾರಿ ಆಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಅಂಗಳದಲ್ಲಿ ದೊಡ್ಡವರಿಗೆ ಜೋಕಾಲಿ ಬೇಡ. ಹತ್ತಲು, ಜಿಗಿಯಲು ನೆಲಮಟ್ಟದ ಮರದ ದಿಮ್ಮಿ, ಟೈರು ಸಾಲು ಕೊಡಿ. ಇರುವ ಒಂದೇ ಕೊಕ್ಕೆಗೆ ಬೆಳಿಗ್ಗೆ ಬಕೆಟ್, ಮಧ್ಯಾಹ್ನ ಬೆಲ್ಟ್ ಬದಲಿಸುವ ಉಪಾಯ ಕೆಲವರು ಹೇಳುತ್ತಾರೆ. ದಿನಕ್ಕೆರಡು ಸಲ ಬಿಚ್ಚಿ ಹಾಕುವ ಕೊಕ್ಕೆ ಒಂದಲ್ಲ ಒಂದು ದಿನ ಅರ್ಧ ಮುಚ್ಚಿಯೇ ಉಳಿಯುತ್ತದೆ.

ಈಗ ನೆಲ. ಮೂರು ಇಂಚು ಎಂ-ಸ್ಯಾಂಡ್ ಎಂದರೆ ಕಾಂಕ್ರೀಟಿಗೆ ಹೊದಿಸಿದ ಬಟ್ಟೆ ಎಂದೇ ತಿಳಿಯಿರಿ. ಸೀಟಿನ ಕೆಳಗೆ ಮಕ್ಕಳ ಕಾಲು ಎಳೆದಾಡುವ ಕಡೆ ಕೈ ಹಾಕಿ ನೋಡಿ, ಒಂದು ಇಂಚೂ ಉಳಿದಿರಲಿಕ್ಕಿಲ್ಲ. ಎಂ-ಸ್ಯಾಂಡ್ ಕಲ್ಲು ಪುಡಿ ಮಾಡಿ ತೆಗೆದದ್ದು. ಕಣಗಳು ಮೂಲೆ ಮೂಲೆಯಾಗಿರುತ್ತವೆ, ಜೊತೆಗೆ ನುಣ್ಣನೆಯ ಧೂಳು ಬೆರೆತಿರುತ್ತದೆ. ಒಂದು ಮಳೆ, ಒಂದು ಬಿಸಿಲು ಬಿದ್ದರೆ ಬಿಗಿಯಾಗಿ ಕೂತುಬಿಡುತ್ತದೆ. ಕಟ್ಟಡಕ್ಕೆ ಒಳ್ಳೆಯದಾದ ಆ ಗುಣವೇ ಇಲ್ಲಿ ಕೆಟ್ಟದ್ದು. ಬಿದ್ದ ತಲೆಯ ಕೆಳಗೆ ಕಣಗಳು ಸರಿದು ಜಾಗ ಬಿಡಬೇಕು. ತೊಳೆದ, ಗುಂಡಗಿನ ಕಣದ, ಮಣ್ಣಿನಂಶ ಇಲ್ಲದ ಮರಳು ಮಾತ್ರ ಹಾಗೆ ಸರಿಯುತ್ತದೆ. ಹುಲ್ಲು, ಕೆಮ್ಮಣ್ಣು, ಕಾಂಕ್ರೀಟ್ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹುಲ್ಲು ಯಾವುದೂ ಲೆಕ್ಕಕ್ಕಿಲ್ಲ. ಒಳಕೋಣೆಯಲ್ಲಿ ಹಾಸುವ ಬಣ್ಣದ ಫೋಮ್ ಮ್ಯಾಟುಗಳೂ ಇಲ್ಲ.

ಬೀಳುವ ಎತ್ತರವನ್ನು ಅಮೆರಿಕದವರು ತೂಗು ಬಿಂದುವಿನಿಂದ ಅಳೆಯುತ್ತಾರೆ, ನಿಮ್ಮ ಹೊಸ ಜೋಕಾಲಿಗೆ ಅದು ಆರು ಅಡಿ. ಯುರೋಪಿನವರು 60 ಡಿಗ್ರಿ ಏರಿದ ಸೀಟಿನಿಂದ ಅಳೆಯುತ್ತಾರೆ. ಅಂದರೆ ಚೈನಿನ ಉದ್ದದ ಅರ್ಧ ಮತ್ತು ಸೀಟಿನ ಎತ್ತರ ಕೂಡಿಸಿ ನಾಲ್ಕು ಅಡಿ. ಅಮೆರಿಕದ ಕೋಷ್ಟಕದ ಪ್ರಕಾರ ಒಂಬತ್ತು ಇಂಚು ಮರಳು ಕಾಯುವುದು ನಾಲ್ಕು ಅಡಿಯವರೆಗೆ ಮಾತ್ರ. ಒಂಬತ್ತು ಇಂಚು ಮರದ ಚಕ್ಕೆಯಾದರೆ ಹತ್ತು ಅಡಿಯವರೆಗೆ. ಮಕ್ಕಳ ತಲೆಯ ವಿಷಯದಲ್ಲಿ ಕಟ್ಟುನಿಟ್ಟಿನ ಲೆಕ್ಕವನ್ನೇ ಹಿಡಿಯಬೇಕು ಎನ್ನುವವನು ನಾನು. ಹಾಗಾಗಿ ಆರು ಅಡಿ ಎಂದೇ ಇಟ್ಟುಕೊಂಡು ಆರಿಸಿ. ಅಂದರೆ ಒಂಬತ್ತು ಇಂಚು ಮರಳು ಸಾಲದು.

ಮರದ ಚಕ್ಕೆ ಒಳ್ಳೆಯ ಮೆತ್ತೆ. ಆದರೆ ನಿಮ್ಮೂರಿನ ಮಳೆಗಾಲದಲ್ಲಿ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ, ಕೆಳಗೆ ಚೇಳು ಮನೆ ಮಾಡಿಕೊಳ್ಳಬಹುದು. ಸಾಮಿಲ್ಲಿನಿಂದ ತಂದರೆ ಅದರಲ್ಲಿ ಔಷಧಿ ಹೊಡೆದ ಮರ, ಪ್ಲೈವುಡ್ ಚೂರು, ಮೊಳೆ ಬೆರೆತಿರದಂತೆ ನೋಡಬೇಕು. ಒಂದೂವರೆ ವರ್ಷದವರು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ ಎಂಬುದೂ ನೆನಪಿರಲಿ. ಮರಳೋ ಚಕ್ಕೆಯೋ, ಸಡಿಲವಾಗಿ ತುಂಬುವ ಯಾವುದೇ ಪದಾರ್ಥ ದಿನ ಕಳೆದಂತೆ ಕಾಲು ಭಾಗ ಕುಗ್ಗುತ್ತದೆ. ಒಂಬತ್ತು ಇಂಚು ಉಳಿಯಬೇಕಾದರೆ ಹನ್ನೆರಡು ತುಂಬಬೇಕು. 16 ಅಡಿಗೆ 19 ಅಡಿಯ ಜಾಗಕ್ಕೆ ಅದು ಸುಮಾರು ಮೂರು ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಅದನ್ನು ಕಾಂಕ್ರೀಟ್ ಮೇಲೆ ಸುರಿದರೆ ನಿಲ್ಲುವುದಿಲ್ಲ. ಕಾಂಕ್ರೀಟ್ ಒಡೆದು 15 ಇಂಚು ಅಗೆದು, ತಳದಲ್ಲಿ ಮೂರು ಇಂಚು ಜಲ್ಲಿ, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ನೀರು ಹರಿದುಹೋಗಲು ಒಂದು ಪೈಪು ಇಡಬೇಕು. ಕೆಳಗೆ ಎರೆಮಣ್ಣಿದ್ದರೆ ಆ ಪೈಪು ಇಲ್ಲದ ಗುಂಡಿ ಮಳೆಗಾಲವಿಡೀ ಹೊಂಡ. ಬಾಡಿಗೆ ಮನೆ ಅಂದಿದ್ದೀರಿ. ಮಾಲೀಕರು ಒಡೆಯಲು ಒಪ್ಪುತ್ತಾರೆಯೇ ಎಂಬುದು ಇಲ್ಲಿ ನಿರ್ಧಾರದ ಮಾತು.

ಒಪ್ಪದಿದ್ದರೆ ರಬ್ಬರ್ ಟೈಲ್ಸ್. ಡೀಲರ್ ಹೇಳಿದ್ದು ಈ ಭಾಗದ ಮಟ್ಟಿಗೆ ತಪ್ಪಲ್ಲ. ಅವರಿಗೆ ಒಂದೇ ಪ್ರಶ್ನೆ ಕೇಳಿ: "ಇಎನ್ 1177 ಅಥವಾ ಎಎಸ್‌ಟಿಎಂ ಎಫ್ 1292 ಪರೀಕ್ಷೆಯಲ್ಲಿ ಈ ಟೈಲು ಎಷ್ಟು ಎತ್ತರದ ಬೀಳುವಿಕೆಗೆ ಪಾಸಾಗಿದೆ?" ತಲೆಯಾಕಾರದ ಭಾರವನ್ನು ಟೈಲಿನ ಮೇಲೆ ಬೀಳಿಸಿ, ತಲೆಗೆ ಪೆಟ್ಟಿನ ಸೂಚ್ಯಂಕ 1000 ದಾಟದೆ ಇರುವ ಎತ್ತರವನ್ನು ವರದಿಯಲ್ಲಿ ಬರೆದಿರುತ್ತಾರೆ. ನಿಮಗೆ ಬೇಕಾದದ್ದು ಆರು ಅಡಿ, ಅಂದರೆ 1.83 ಮೀಟರ್. ಜಿಮ್ಮಿಗೆ, ಪಾರ್ಕಿಂಗಿಗೆ ಹಾಸುವ ಒಂದಿಂಚಿನ ಟೈಲು ಅಲ್ಲಿಗೆ ಮುಟ್ಟುವುದಿಲ್ಲ. ಅಷ್ಟು ಎತ್ತರಕ್ಕೆ ಪಾಸಾಗುವ ಟೈಲು ಸಾಮಾನ್ಯವಾಗಿ ಎರಡಿಂಚಿಗಿಂತ ದಪ್ಪ ಇರುತ್ತದೆ. ಸೀಟಿನ ಕೆಳಗೆ ನಾಲ್ಕು ಟೈಲು ಹಾಕಿ ಮುಗಿಸುವಂತಿಲ್ಲ. ಮಗು ಬೀಳುವುದು ಹೆಚ್ಚಾಗಿ ಮುಂದಕ್ಕೋ ಹಿಂದಕ್ಕೋ ಹೋದಾಗ. ಪೂರ್ತಿ 16 ಅಡಿಗೆ 19 ಅಡಿ, ಸುಮಾರು 300 ಚದರಡಿ ಹಾಸಬೇಕು. ಬಣ್ಣ ತಿಳಿಯಾಗಿರಲಿ. ಏಪ್ರಿಲ್ ಮಧ್ಯಾಹ್ನದ ಕಪ್ಪು ರಬ್ಬರ್ ಬರಿಗಾಲನ್ನು ಸುಡುತ್ತದೆ. ಕಪ್ಪು ಬಕೆಟ್ ಸೀಟಿಗೂ ಇದೇ ಮಾತು, ಮಗುವನ್ನು ಕೂರಿಸುವ ಮುನ್ನ ಅಂಗೈಯ ಹಿಂಬದಿ ಇಟ್ಟು ನೋಡಿ.

ವೆಲ್ಡರ್‌ಗೆ ಹೇಳಬೇಕಾದದ್ದು ಇಷ್ಟು. ಪೈಪು ಕತ್ತರಿಸಿ ಏಳು ಅಡಿ ಉದ್ದ, ತೂಗು ಬಿಂದು ಆರು ಅಡಿ ಎತ್ತರ. ಟೈಲ್ಸ್ ಹಾಕಿಸುವುದಾದರೆ ಅದರ ದಪ್ಪ ಸೇರಿಸಿಕೊಂಡು ಅಳೆಯಬೇಕು. ಕಾಲುಗಳನ್ನು ನೆಲದ ಮೇಲೆ ಪ್ಲೇಟ್, ಬೋಲ್ಟ್ ಹಾಕಿ ನಿಲ್ಲಿಸುವ ಬದಲು ಗುಂಡಿಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಬೇಕು. ಆ ಕಾಂಕ್ರೀಟಿನ ತಲೆ ಮೆತ್ತೆಯ ಕೆಳಗೆ ಮುಚ್ಚಿಹೋಗಬೇಕು. ನಟ್ಟಿನಾಚೆ ಬೋಲ್ಟಿನ ಎರಡು ಸುತ್ತಿಗಿಂತ ಹೆಚ್ಚು ಕಾಣಬಾರದು, ಹೆಚ್ಚಿದ್ದರೆ ಕತ್ತರಿಸಿ ಅರೆದು ನುಣುಪು ಮಾಡಿಸಿ. ಎ ಆಕಾರದ ಕಾಲುಗಳಿಗೆ ನಡುವೆ ಅಡ್ಡಪಟ್ಟಿ ಬೆಸೆಯುವುದಾದರೆ ಮೂರೂವರೆ ಇಂಚಿನಿಂದ ಒಂಬತ್ತು ಇಂಚಿನ ನಡುವಿನ ಸಂದು ಎಲ್ಲೂ ಉಳಿಯದಿರಲಿ. ಆ ಅಳತೆಯಲ್ಲಿ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಬೇಗ ಸವೆಯುವುದು ಮೇಲಿನ ಕೊಂಡಿ. ಪೈಪಿಗೆ ಬೆಸೆದ ಕಬ್ಬಿಣದ ರಿಂಗಿನಲ್ಲಿ ಚೈನಿನ ಮೊದಲ ಕೊಂಡಿ ದಿನವೂ ಉಜ್ಜುತ್ತಾ ಒಂದು ಕಚ್ಚು ಮಾಡಿಕೊಳ್ಳುತ್ತದೆ. ಕೆಳಗಿನಿಂದ ನೋಡಿದರೆ ಏನೂ ಕಾಣದು. ಸ್ಟೂಲ್ ಹತ್ತಿ ಕೊಂಡಿಯನ್ನು ಎತ್ತಿ, ಒಳಮೈ ಮೇಲೆ ಉಗುರು ಎಳೆಯಿರಿ. ಕಚ್ಚು ತಾಗಿದರೆ ಕೊಂಡಿ, ರಿಂಗು ಎರಡನ್ನೂ ಬದಲಿಸಿ. ಮಾಡಿಸುವಾಗಲೇ ಬೇರಿಂಗ್ ಇರುವ ಹ್ಯಾಂಗರ್ ಹಾಕಿಸಿದರೆ ಈ ತಲೆನೋವು ಬಹುಪಾಲು ತಪ್ಪುತ್ತದೆ. ಎಸ್ ಕೊಕ್ಕೆ ಇದ್ದರೆ ಅದರ ಬಾಯಿಯ ಸಂದು ಒಂದು ಮಿಲಿಮೀಟರ್ ಮೀರಬಾರದು. ಸುಲಭದ ಪರೀಕ್ಷೆ: ಹಳೆಯ ಎಟಿಎಂ ಕಾರ್ಡು ತೂರಿಸಿ ನೋಡಿ, ಒಳಗೆ ಹೋದರೆ ಕೊಕ್ಕೆಯನ್ನು ಬಡಿದು ಮುಚ್ಚಿಸಬೇಕು. ತೆರೆದ ಕೊಕ್ಕೆಯಿಂದ ಸೀಟು ಕಳಚುವುದು ಒಂದು ಅಪಾಯ. ಫ್ರಾಕಿನ ಲೇಸು ಸಿಕ್ಕಿಕೊಳ್ಳುವುದು ಅದಕ್ಕಿಂತ ಹೆಚ್ಚಾಗಿ ಆಗುವಂಥದ್ದು. ಚೈನಿನ ಕಣ್ಣು 8.6 ಮಿಲಿಮೀಟರಿಗಿಂತ ದೊಡ್ಡದಿದ್ದರೆ ಪುಟ್ಟ ಬೆರಳು ಒಳಗೆ ಹೋಗುತ್ತದೆ. ಮಗು ಹಿಡಿಯುವ ಭಾಗಕ್ಕೆ ಪ್ಲಾಸ್ಟಿಕ್ ಕೊಳವೆ ತೊಡಿಸಿ. ಹಗ್ಗದ ಜೋಕಾಲಿ ಕೇಂದ್ರಕ್ಕೆ ಬೇಡವೇ ಬೇಡ, ಅದು ತಿರುಚಿ ಕುಣಿಕೆಯಾಗುತ್ತದೆ.

ಕೂರಿಸುವ ಮುನ್ನ ಮಗುವಿನ ಮೈ ಮೇಲೆ ಒಮ್ಮೆ ಕಣ್ಣಾಡಿಸುವ ರೂಢಿ ಆಯಾಗಳಿಗೆ ಬರಬೇಕು. ಕೊರಳ ಸರ, ಸಡಿಲವಾದ ಉಡಿದಾರ, ಐಡಿ ಕಾರ್ಡಿನ ದಾರ, ಅಡ್ಡ ಹಾಕಿದ ನೀರಿನ ಬಾಟಲಿಯ ಪಟ್ಟಿ, ಟೊಪ್ಪಿ ಸ್ವೆಟರಿನ ಲಾಡಿ, ಎಲ್ಲವನ್ನೂ ತೆಗೆಯಬೇಕು. ಮಗು ಜಾರದಿರಲಿ ಎಂದು ದುಪಟ್ಟಾದಿಂದ ಸೀಟಿಗೆ ಕಟ್ಟುವುದನ್ನು ದಯವಿಟ್ಟು ಯಾರಿಗೂ ಬಿಡಬೇಡಿ. ಕಟ್ಟಿದ ಮಗು ಜಾರಿದರೆ ಬೀಳುವುದಿಲ್ಲ, ನೇತಾಡುತ್ತದೆ. ಬಕೆಟ್ ಸೀಟಿನಲ್ಲೇ ಕೂರಲು ಕುತ್ತಿಗೆ, ಬೆನ್ನು ನಿಲ್ಲದ ಮಗುವಿಗೆ ಜೋಕಾಲಿಯ ವಯಸ್ಸು ಬಂದಿಲ್ಲ ಅಷ್ಟೇ. ತಳ್ಳುವವರು ಒಬ್ಬರೇ ಇದ್ದರೆ ಮಗುವಿನ ಎದುರು, ಸ್ವಲ್ಪ ಓರೆಯಾಗಿ ನಿಲ್ಲಲಿ. ಮಗುವಿನ ಮುಖವೂ ಅಂಗಳವೂ ಕಾಣುತ್ತದೆ. 16 ಅಡಿಯ ಗೆರೆಯಾಚೆ ಮೊಣಕಾಲೆತ್ತರದ ಕುಂಡಗಳ ಸಾಲಿಟ್ಟರೆ ಓಡಿಬರುವವರಿಗೆ ತಡೆ, ನಿಮ್ಮ ಕಣ್ಣಿಗೆ ಅಡ್ಡಿಯಿಲ್ಲ. ಪಾಲಕರು ಬರುವ ಅರ್ಧ ಗಂಟೆ ಮೊದಲೇ ಸೀಟನ್ನು ನಿಲ್ಲಿಸಿಬಿಡಿ.

ಪೆಟ್ಟು ಬಿದ್ದ ಹುಡುಗನ ಬಗ್ಗೆ ಒಂದು ಮಾತು. ತಲೆಗೆ ಪೆಟ್ಟಾದ ಯಾವ ಮಗುವಾದರೂ ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಇಳಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ಈ ಸಾಲನ್ನು ಬರೆದು ಫೋನಿನ ಪಕ್ಕ ಅಂಟಿಸಿ. ನಡೆದದ್ದನ್ನು ಗಂಟೆ, ಜಾಗ, ಯಾರಿದ್ದರು ಎಂಬುದರ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಪಾಲಕರ ಸಭೆಯಲ್ಲಿ ಅದನ್ನೂ ಹೊಸ ಅಳತೆಯ ನಕ್ಷೆಯನ್ನೂ ಮುಂದಿಡಿ.

"ಗಿಡಕ್ಕೆ ಕಟ್ಟಿ ಜೀಕಿದೆವು" ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಲ್ಲಿ ಒಂದು ಟೊಂಗೆಗೆ ಒಂದೇ ಜೋಕಾಲಿ, ಸುತ್ತ ಖಾಲಿ ಹೊಲ, ಕೆಳಗೆ ಮಳೆ ಬಿದ್ದ ಮಣ್ಣು, ಜೀಕುವವರು ದೊಡ್ಡವರು. 26 ಪುಟ್ಟ ಮಕ್ಕಳು, ಕಾಂಕ್ರೀಟ್ ಅಂಗಳ, ಗೇಟಿನ ದಾರಿ ಇರಲಿಲ್ಲ. ಪಂಚಮಿಯೊಳಗೆ ಈ ಕೆಲಸ ಮುಗಿಸುವ ಆತುರ ಬೇಡ. ಕಂಬದ ಕಾಂಕ್ರೀಟಿಗೇ ಒಂದು ವಾರ ನೀರುಣಿಸಬೇಕು. ಹಬ್ಬದ ದಿನ ಪರಿಚಯದ ಹೊಲದಲ್ಲೋ ತೋಟದಲ್ಲೋ ಗಟ್ಟಿ ಹಸಿ ಟೊಂಗೆಗೆ ಒಂದೇ ಒಂದು ಜೋಕಾಲಿ ಕಟ್ಟಿಸಿ, ಮೊದಲು ಒಬ್ಬ ದೊಡ್ಡವರು ಕೂತು ನೋಡಲಿ. ಹಿಂದೆ ಮುಂದೆ ಸುಣ್ಣದ ಗೆರೆ ಎಳೆದು, ಎರಡೂ ಗೆರೆಯ ಹತ್ತಿರ ಒಬ್ಬೊಬ್ಬರು ಪಾಲಕರನ್ನು ನಿಲ್ಲಿಸಿ. ನಾಲ್ಕು ದಾಟಿದವರು ಒಬ್ಬೊಬ್ಬರಾಗಿ ಕೂರಲಿ, ಚಿಕ್ಕವರು ಗೆರೆಯಾಚೆ ಉಂಡಿ ತಿನ್ನುತ್ತಾ ಸರದಿ ನೋಡಲಿ. ಇಳಿಸಿದ ಕೂಡಲೇ ಹಗ್ಗ ಬಿಚ್ಚಿಸಿ, ರಾತ್ರಿಗೆ ಬಿಡಬೇಡಿ.